ಸಿಗಲಿಲ್ಲ ಎಂದು ಬರೆಯುವವರು

ವೆಂಕಟಲಕ್ಷ್ಮಿಯವರು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಟಿ. ದಾಸರಹಳ್ಳಿಯ ಮೆಟ್ರೊ ನಿಲ್ದಾಣದಿಂದ ಅವರ ಮನೆಗೆ ಹತ್ತು ನಿಮಿಷದ ದಾರಿ. ಅವರ ಜೊತೆ ಹೊರಟರೆ ಅರ್ಧ ಗಂಟೆ ಬೇಕು. ನಾಲ್ಕು ಹೆಜ್ಜೆ ಹಾಕುತ್ತಾರೆ, ನಿಲ್ಲುತ್ತಾರೆ, ಪಾರ್ಕಿನ ಬೇಲಿಯನ್ನೋ ಕಲ್ಲುಬೆಂಚಿನ ಅಡಿಯನ್ನೋ ಬಗ್ಗಿ ನೋಡುತ್ತಾರೆ, ಮನಸ್ಸಿಗೆ ಸಮಾಧಾನವಾದ ಮೇಲೆಯೇ ಮುಂದಿನ ನಾಲ್ಕು ಹೆಜ್ಜೆ. ಸೀರೆಯ ಮೇಲೆ ಕಾರ್ಖಾನೆಯ ಕಾಲದ ನೀಲಿ ಕೋಟು, ಮೊಣಕೈಯ ಬಳಿ ಬಣ್ಣ ಪೂರ್ತಿ ಹೋಗಿದೆ. ಅದರ ಜೇಬಿನಲ್ಲಿ ಒಂದು ಟಾರ್ಚು, ಒಂದು ಪುಟ್ಟ ನೋಟುಬುಕ್ಕು, ಉದ್ದ ಕಡ್ಡಿಯ ತುದಿಗೆ ಕೂರಿಸಿದ ರೂಪಾಯಿಯಗಲದ ಒಂದು ಕನ್ನಡಿ. ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಅವರು ಈ ಕನ್ನಡಿಯನ್ನು ಕೊಳವೆಗಳ ಒಳಕ್ಕೆ ಇಳಿಸಿ, ಬರಿಗಣ್ಣಿಗೆ ಕಾಣದ ಬಿರುಕುಗಳನ್ನು ಪತ್ತೆಹಚ್ಚುತ್ತಿದ್ದರು. ನಿವೃತ್ತಿಯ ದಿನ ಕೊಟ್ಟ ಬೆಳ್ಳಿಯ ದೀಪ ಬೀರುವಿನೊಳಗಿದೆ, ಕೇಳಿ ತಂದ ಕನ್ನಡಿ ಜೇಬಿನಲ್ಲಿದೆ.

ಈಗ ಆ ಕನ್ನಡಿಗೆ ಹೊಸ ಕೆಲಸ. ಜಿಯೋಕ್ಯಾಶಿಂಗ್ ಎಂಬ ಆಟವೊಂದಿದೆ. ಯಾರೋ ಊರಿನ ಒಂದು ಮೂಲೆಯಲ್ಲಿ ಪುಟ್ಟ ಡಬ್ಬಿಯನ್ನು ಅಡಗಿಸಿ ಅದರ ಜಾಗದ ಗುರುತನ್ನು ಆ್ಯಪಿನಲ್ಲಿ ಹಾಕುತ್ತಾರೆ. ಉಳಿದವರು ಹುಡುಕಿಕೊಂಡು ಹೋಗಿ, ಒಳಗಿನ ಚೀಟಿಯ ಮೇಲೆ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಬಂದ ಮೇಲೆ ಆ್ಯಪಿನಲ್ಲಿ ‘ಸಿಕ್ಕಿತು’ ಎಂದು ದಾಖಲಿಸಬೇಕು. ಸಿಗದಿದ್ದರೆ ‘ಸಿಗಲಿಲ್ಲ’ ಎಂದು ದಾಖಲಿಸಬೇಕು. ಮೊದಲನೆಯದನ್ನು ನಾವೆಲ್ಲ ಬಸ್ಸು ಹತ್ತುವ ಮೊದಲೇ ಬರೆದುಬಿಡುತ್ತೇವೆ. ಎರಡನೆಯದರ ವಿಷಯಕ್ಕೆ ಬಂದಾಗ ನಮ್ಮ ಕೈ ಹಿಂದೆ ಸರಿಯುತ್ತದೆ. ಮುಂದಿನ ವಾರ ಇನ್ನೊಂದು ಸಲ ಹೋಗಿ ನೋಡಿ, ಆಗಲೂ ಸಿಗದಿದ್ದರೆ ಬರೆಯೋಣ ಎನ್ನುವುದು ನನ್ನ ಖಾಯಂ ಸಬೂಬು. ಆ ಮುಂದಿನ ವಾರ ನನ್ನ ಪಂಚಾಂಗದಲ್ಲಿ ಇದುವರೆಗೆ ಬಂದಿಲ್ಲ.

ತಿಂಗಳಿಗೊಮ್ಮೆ ಪೀಣ್ಯದ ದರ್ಶಿನಿ ಹೋಟೆಲೊಂದರಲ್ಲಿ ನಾವು ಏಳೆಂಟು ಮಂದಿ ಸೇರುತ್ತೇವೆ. ಅಲ್ಲಿ ಯಾರಾದರೂ ಅಪ್ಪಿತಪ್ಪಿ ‘ಆ ಡಬ್ಬಿ ಸಿಗಲೇ ಇಲ್ಲ’ ಎಂದರೆ ಸಾಕು, ವೆಂಕಟಲಕ್ಷ್ಮಿಯವರು ಕಾಫಿ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳುತ್ತಾರೆ: “ಎಲ್ಲಿ ನೋಡಿದ್ರಿ?” ಅದರಲ್ಲಿ ಕೊಂಕಿಲ್ಲ, ಸಾಂತ್ವನವೂ ಇಲ್ಲ. ಅವರಿಗೆ ನಿಜಕ್ಕೂ ಅದು ಬೇಕು.

ಹಾಗೆಂದು ಕಂಡಕಂಡದ್ದಕ್ಕೆಲ್ಲ ‘ಸಿಗಲಿಲ್ಲ’ ಎಂದು ಗೀಚುವವರೂ ಅವರಲ್ಲ. ಒಮ್ಮೆ ಗೋದಾಮುಗಳ ಹಿಂದಿನ ಡಬ್ಬಿಯೊಂದನ್ನು ಹುಡುಕಲು ಇಬ್ಬರೂ ಹೋದೆವು. ಗೇಟು ಮುಚ್ಚಿತ್ತು, ಕಾವಲುಗಾರ ಒಳಗೆ ಬಿಡಲಿಲ್ಲ. ಅವರನ್ನು ಕೆಣಕೋಣವೆಂದು, “ಇದನ್ನೂ ಬರೀಬೇಕಾ ಮೇಡಂ?” ಎಂದೆ.

“ಹುಡುಕೇ ಇಲ್ವಲ್ರೀ, ಸಿಗಲಿಲ್ಲ ಅಂತ ಹೆಂಗೆ ಬರೀತೀರಿ? ಗೇಟ್ ಮುಚ್ಚಿತ್ತು ಅಂತ ಬರೀರಿ, ಅಷ್ಟೆ.”

ಈ ಕಟ್ಟುನಿಟ್ಟಿಗೆ ಒಂದು ಕಾರಣವಿದೆ. ಆಟಕ್ಕೆ ಹೊಸಬರಾಗಿದ್ದಾಗ ಅವರು ಬೇರೆ ಯಾವುದೋ ದೀಪದ ಕಂಬವನ್ನು ತಡಕಿ ‘ಸಿಗಲಿಲ್ಲ’ ಎಂದು ಬರೆದಿದ್ದರು. ಆ ಡಬ್ಬಿಯ ಯಜಮಾನ ಗುರುರಾಜ್, ಎಲೆಕ್ಟ್ರಾನಿಕ್ ಸಿಟಿಯ ಹುಡುಗ, ಡಬ್ಬಿ ಕಳುವಾಯಿತೆಂದು ಗಾಬರಿಯಾಗಿ ಇಡೀ ಊರು ದಾಟಿ ಬಂದು ನೋಡಿದರೆ ಅದು ಪಕ್ಕದ ಕಂಬದಲ್ಲಿ ಹಾಯಾಗಿತ್ತು. ಮರುದಿನ ಈಕೆ ತಿಂಡಿಯ ಡಬ್ಬಿಯ ತುಂಬ ಕೋಡುಬಳೆ ಕಟ್ಟಿಕೊಂಡು ಅದೇ ಊರನ್ನು ದಾಟಿ ಹೋಗಿ ಕ್ಷಮೆ ಕೇಳಿ ಬಂದರು. ಅಂದಿನಿಂದ ನೋಡಿದ ಜಾಗ, ನೋಡಿದ ಹೊತ್ತು, ನೋಡದೆ ಬಿಟ್ಟ ಜಾಗ, ಮೂರನ್ನೂ ಬರೆಯುವುದು ಅವರ ರೂಢಿ.

ಅವರನ್ನು ಗೇಲಿ ಮಾಡುವುದನ್ನು ನಾನು ಬಿಟ್ಟದ್ದು ಮುರಿಗೆಪ್ಪನವರ ಡಬ್ಬಿಯ ದೆಸೆಯಿಂದ.

ಮುರಿಗೆಪ್ಪನವರು ಹಾವೇರಿ ಕಡೆಯವರು. ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರದ ಮೇಲೆ ತಮ್ಮ ಕೈಯಾರೆ ಹಿತ್ತಾಳೆಯ ಡಬ್ಬಿಯೊಂದನ್ನು ಕಡೆದು, ಹತ್ತಿರದ ಅರಳಿಕಟ್ಟೆಯ ಕಲ್ಲುಸಂದಿಯಲ್ಲಿ ಅಡಗಿಸಿದ್ದರು. ಐದು ತಿಂಗಳ ಹಿಂದೆ ಬೈಕು ಜಾರಿ ಅವರ ತೊಡೆಯ ಮೂಳೆ ಮುರಿಯಿತು. ಮಾದನಾಯಕನಹಳ್ಳಿಯ ಮನೆಯಲ್ಲಿ ಮಂಚ ಹಿಡಿದವರಿಗೆ ದಿನವೂ ಆ್ಯಪ್ ತೆರೆದು ತಮ್ಮ ಡಬ್ಬಿಗೆ ಯಾರಾದರೂ ಬಂದರೇ ಎಂದು ನೋಡುವುದೇ ಕೆಲಸವಾಯಿತು. ಕೊನೆಗೊಂದು ದಿನ ಹೀಗೆ ಬರೆದರು: ‘ಹದಿನಾಲ್ಕು ತಿಂಗಳಿಂದ ಯಾರೂ ಬಂದಿಲ್ಲ. ಭಾನುವಾರ ಈ ಡಬ್ಬಿಯನ್ನು ಪಟ್ಟಿಯಿಂದ ತೆಗೆಯುತ್ತೇನೆ.’

ಶನಿವಾರ ವೆಂಕಟಲಕ್ಷ್ಮಿಯವರು ಅಲ್ಲಿಗೆ ಹೋದರು. ಸಂಜೆ ಅವರ ದಾಖಲೆ ಬಂತು: ‘ಪೂರ್ವದ ಬದಿ ಏಳು ಸಂದಿ ನೋಡಿದೆ. ದಕ್ಷಿಣ ಮತ್ತು ಪಶ್ಚಿಮದಲ್ಲಿ ಹತ್ತು. ಉತ್ತರದ ಬದಿಗೆ ಸಿಮೆಂಟು ಮೆತ್ತಿದ್ದಾರೆ, ನೋಡಲಾಗಲಿಲ್ಲ. ನಲವತ್ತು ನಿಮಿಷ. ಸಿಗಲಿಲ್ಲ.’

ಭಾನುವಾರ ಅವರ ಜೊತೆ ನಾನೂ ಮುರಿಗೆಪ್ಪನವರನ್ನು ನೋಡಲು ಹೋದೆ. ಅಷ್ಟು ಅಕ್ಕರೆಯಿಂದ ಡಬ್ಬಿ ಮಾಡಿದವರಿಗೆ ಸುಮ್ಮನೆ ‘ಸಿಕ್ಕಿತು’ ಎಂದು ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ದಾರಿಯುದ್ದಕ್ಕೂ ಒಳಗೊಳಗೇ ಗೊಣಗುತ್ತಿದ್ದೆ. ಅವರ ಹೆಂಡತಿ ಗಂಗಮ್ಮ ಬಾಗಿಲು ತೆಗೆದರು. ಮುರಿಗೆಪ್ಪನವರು ಫೋನು ಹಿಡಿದೇ ಕೂತಿದ್ದರು.

“ನಲವತ್ತು ನಿಮಿಷ ಹುಡುಕಿದ್ರೇನ್ರಿ ನೀವು?”

“ಹೂಂ ಕಣ್ರೀ. ಸಿಗಲಿಲ್ಲ.”

“ಸಿಗದಿದ್ರ ಬಿಡ್ರಿ, ಬಂದಿದ್ರಲ್ಲ! ನನ್ ಡಬ್ಬಿ ಯಾರಿಗೂ ಬ್ಯಾಡಾತು ಅಂತ ತಿಳ್ಕೊಂಡಿದ್ದೆ ನೋಡ್ರಿ ನಾ.” ಅವರ ಕಣ್ಣು ತುಂಬಿತ್ತು. ಗಂಗಮ್ಮ ಚಹಾ ತರುವ ನೆಪದಲ್ಲಿ ಒಳಗೆ ಹೋದರು.

ಹನ್ನೊಂದು ತಿಂಗಳ ಹಿಂದೆ ಅದೇ ಕಟ್ಟೆಯ ಸುತ್ತ ನಾನು ಒಂದು ಗಂಟೆ ಸುತ್ತಿದ್ದೆ. ಸೋತೆನೆಂದು ಬರೆಯಲು ನಾಚಿಕೆಯಾಗಿ, ಮುಂದಿನ ವಾರ ನೋಡೋಣವೆಂದು ಬಂದುಬಿಟ್ಟಿದ್ದೆ. ಈಗ ಬಾಯಿಬಿಟ್ಟು ಹೇಳಿದೆ. ವೆಂಕಟಲಕ್ಷ್ಮಿಯವರು ಬೈಯಲಿಲ್ಲ. ನನ್ನ ಕಡೆ ತಿರುಗಿ, “ಎಲ್ಲಿ ನೋಡಿದ್ರಿ?” ಎಂದರು.

ಹೇಳಿದೆ. ಮುರಿಗೆಪ್ಪನವರು ಮುಂದಕ್ಕೆ ಬಾಗಿ ಕೇಳಿದರು: “ನಾ ಇಟ್ಟಿದ್ದು ಉತ್ತರದ ಕಡೆ. ಅಲ್ಲಿ ಆಗ್ಲೂ ಸಿಮೆಂಟ್ ಇತ್ತೇನ್ರಿ?”

“ಇತ್ತು. ಆಗ ತಾನೇ ಮೆತ್ತಿದ ಹಾಗಿತ್ತು.”

“ಹಂಗಾರ ಅದರೊಳಗೇ ಐತಿ ಅದು. ಆವಾಗ್ಲೇ ಗೊತ್ತಾಗಿದ್ರ...” ಎಂದು ಅವರು ತಮ್ಮ ಕಾಲಿನ ಕಡೆ ನೋಡಿದರು. ಆಗ ಅವರ ಕಾಲು ನೆಟ್ಟಗಿತ್ತು. ನಾನೊಂದು ಸಾಲು ಬರೆದಿದ್ದರೆ ತಾವೇ ಹೋಗಿ ಹೊಸ ಡಬ್ಬಿ ಇಟ್ಟು ಬರುತ್ತಿದ್ದರು. ಯಾರೂ ಬಾರದ ಹಾಗೆ ಕಂಡ ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ನನ್ನ ಕೊಡುಗೆ. ಅಲ್ಲೇ ಕೂತು, ಹೋಗಿದ್ದ ದಿನದ ತಾರೀಖನ್ನೇ ಹಾಕಿ, ನಾನು ಮೊದಲ ಬಾರಿಗೆ ‘ಸಿಗಲಿಲ್ಲ’ ಎಂದು ಬರೆದೆ. ಆ ವಾರ ನಮ್ಮ ಗುಂಪಿನ ಇನ್ನೂ ಮೂವರು ಅದೇ ಡಬ್ಬಿಗೆ ತಮ್ಮ ಹಳೆಯ ತಾರೀಖುಗಳನ್ನು ಹಾಕಿ ‘ಸಿಗಲಿಲ್ಲ’ ಎಂದು ಬರೆದರು. ಮುರಿಗೆಪ್ಪನವರು ಡಬ್ಬಿಯನ್ನು ಪಟ್ಟಿಯಿಂದ ತೆಗೆಯಲಿಲ್ಲ; ಕಾಲು ಊರುವಂತಾದ ಕೂಡಲೇ ಹೊಸದನ್ನು ಕಡೆಯುವುದಾಗಿ ಗಂಗಮ್ಮನವರ ಬೈಗುಳದ ನಡುವೆಯೇ ಕಾಗದದ ಮೇಲೆ ಅಳತೆ ಹಾಕತೊಡಗಿದ್ದಾರೆ.

ಇಂಥವರು ಎಲ್ಲ ಕಡೆಯೂ ಒಬ್ಬಿಬ್ಬರು ಇರುತ್ತಾರೆ. ಬೀಗ ಹಾಕಿದ ಮನೆಯ ಬಾಗಿಲಿಗೆ ‘ಬಂದಿದ್ದೆ, ನೀವಿರಲಿಲ್ಲ’ ಎಂದು ಚೀಟಿ ಸಿಕ್ಕಿಸಿ ಹೋಗುವವರು ಇದೇ ಜಾತಿಯವರು. ನಮ್ಮಂಥವರು ಬರಿಗೈಯಲ್ಲಿ ಹಿಂತಿರುಗುವಾಗ ನಮ್ಮ ಮರ್ಯಾದೆಯನ್ನು ಕುರಿತೇ ಯೋಚಿಸುತ್ತೇವೆ, ಯಾರಿಗೂ ಕಾಣದಂತೆ ಮೆಲ್ಲಗೆ ಮೆಟ್ಟಿಲಿಳಿಯುತ್ತೇವೆ. ಚೀಟಿ ಸಿಕ್ಕಿಸುವವರ ಯೋಚನೆ ಆ ಹೊತ್ತಿನಲ್ಲಿ ಆ ಮನೆಯವರನ್ನು ಕುರಿತು. ಎಂದೋ ಬೀಗ ತೆಗೆಯಲಿರುವ ಅವರು, ತಮ್ಮನ್ನು ಯಾರೂ ಕೇಳಿಕೊಂಡು ಬರಲೇ ಇಲ್ಲವೆಂದು ತಿಳಿದು ಒಳಗೆ ಹೋಗಬಾರದಲ್ಲ.