ಮ್ಯಾನೇಜರ್ ಲೈನಿನಲ್ಲಿದ್ದಾರೆ

ನೂಲಿನ ಗಿರಣಿ ಮುಚ್ಚಿ, ಅದೇ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿತು. ಊರು ಬೆಳೆಯುತ್ತಿದೆ ಎಂದು ಪತ್ರಿಕೆಗಳು ಬರೆದವು. ಆ ಕಟ್ಟಡದಲ್ಲಿ ಸರಕು ಸಾಗಿಸುವ ಕಂಪನಿಯೊಂದು ರೇಡಿಯೋಗೆ ಕೆಲಸ ಕೊಟ್ಟಿತು. ರೇಡಿಯೋ ಎಂಬುದು ಅಡ್ಡಹೆಸರು. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಮರುದಿನ ಅವನ ಗಂಟಲಿನಿಂದ ಪ್ರಸಾರವಾಗುತ್ತಿತ್ತು.

ಮಾಲೀಕ ಅವನನ್ನು ಆರಿಸಿದ್ದೇ ಅದಕ್ಕೆ.

"ಕಂಪನಿ ಚಿಕ್ಕದು ಅಂತ ಗೊತ್ತಾದ್ರೆ ಯಾರೂ ಸರಕು ಕೊಡಲ್ಲ ಕಣಯ್ಯಾ. ನೀನೊಬ್ನೇ ಹತ್ತು ಜನ ಇದ್ದಂಗೆ ಮಾತಾಡು."

ಹೀಗಾಗಿ ಫೋನ್ ಬಂದರೆ ಮೊದಲು ಸ್ವಾಗತಕಾರಿಣಿಯ ಜೇನು ದನಿ, ಆಮೇಲೆ ಲೆಕ್ಕ ವಿಭಾಗದ ಮೂಗು ದನಿ, ಕೊನೆಗೆ ಮ್ಯಾನೇಜರ್. ನಡುವೆ ಕಾಯಿಸಲು ಒಂದು ಸಂಗೀತ. ಲೆಕ್ಕದವನು ಸರಿಯಿಲ್ಲ ಎಂದು ಗ್ರಾಹಕರು ದೂರಿದರೆ ಮ್ಯಾನೇಜರ್ ಅವನನ್ನು ಚೆನ್ನಾಗಿ ಬೈಯುತ್ತಿದ್ದ. ಲೆಕ್ಕದವನು ಹಿಂದಿನಿಂದ ಮೂಗಿನಲ್ಲೇ ಕ್ಷಮೆ ಕೇಳುತ್ತಿದ್ದ. "ಇದು ದುಡಿಮೆ ಅಲ್ಲಪ್ಪ, ನುಡಿಮೆ," ಎಂದು ರೇಡಿಯೋ ತನ್ನಷ್ಟಕ್ಕೆ ನಗುತ್ತಿದ್ದ.

ಮ್ಯಾನೇಜರನ ದನಿ ಮಾತ್ರ ಭಾವನಿಂದ ಎತ್ತಿದ್ದು. ಅಕ್ಕನ ಗಂಡ ಆ ಗಿರಣಿಯಲ್ಲೇ ಮೇಸ್ತ್ರಿಯಾಗಿದ್ದವರು. ಗಂಟಲು ಕೆರೆದು "ಹ್ಞಂ! ವಿಷಯಕ್ಕೆ ಬಾ!" ಎಂದರೆ ಯಂತ್ರಗಳ ಗದ್ದಲವೇ ಬದಿಗೆ ಸರಿದು ದಾರಿ ಬಿಡುತ್ತಿತ್ತು. ಅಕ್ಕನ ಮನೆಯಲ್ಲೇ ಉಂಡು ಬೆಳೆದು ಬಿ.ಎ. ಮುಗಿಸಿದ ರೇಡಿಯೋ ಊಟಕ್ಕೆ ಕೂತಾಗ ಅದನ್ನು ಅಣಕಿಸುವನು. ಎಲ್ಲರಿಗಿಂತ ಜೋರಾಗಿ ಭಾವನೇ ನಗುವರು.

ಗಿರಣಿ ಮುಚ್ಚಿದ ಮೇಲೆ ಭಾವನ ದನಿ ಸೊರಗಿತು. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಕೆಲಸ ಹುಡುಕಲು ಹೊರಡುವರು, ಸಂಜೆ ಅಂಗಿಯ ಜೊತೆ ತಾವೂ ಮುದುಡಿಕೊಂಡು ಬರುವರು. ರೇಡಿಯೋ ಮಾತ್ರ ಮನೆಯಲ್ಲಿ ಕೊಚ್ಚಿಕೊಂಡಿದ್ದ: "ನಮ್ದು ದೊಡ್ಡ ಆಫೀಸು ಭಾವ. ವಿಭಾಗಕ್ಕೊಬ್ಬ ಅಧಿಕಾರಿ!"

ಒಂದು ಮಧ್ಯಾಹ್ನ ಫೋನ್ ಬಂತು.

"ನಮಸ್ಕಾರ, ಯಾರು ಬೇಕಾಗಿತ್ತು?" ಎಂದಿತು ಜೇನು ದನಿ.

"ಒಂದು ಕೆಲಸದ ವಿಚಾರ ತಾಯೀ..."

ಭಾವ! ರೇಡಿಯೋ ಜೇನು ದನಿಯನ್ನು ಬಿಡಲಿಲ್ಲ.

"ಸದ್ಯಕ್ಕೆ ಯಾವ ಕೆಲಸವೂ ಖಾಲಿ ಇಲ್ಲ ಸಾರ್."

"ಹಾಗನ್ಬೇಡಿ ತಾಯೀ. ಮ್ಯಾನೇಜರಿಗೆ ಒಂದ್ಸಲ ಕೊಡಿ. ಎರಡೇ ಮಾತು."

ಗಾಜಿನಾಚೆ ಕೂತಿದ್ದ ಮಾಲೀಕ, ಮ್ಯಾನೇಜರಿಗೆ ಕೊಡು ಎಂದು ಕೈಸನ್ನೆ ಮಾಡಿದ. ಕೆಲಸ ಕೇಳುವವರಿಗೆ 'ಇಲ್ಲ' ಎನ್ನುವುದು ಮ್ಯಾನೇಜರೇ ಆದರೆ ಕಂಪನಿಗೆ ತೂಕ ಬರುತ್ತದೆ ಎಂಬುದು ಅವನ ಲೆಕ್ಕಾಚಾರ.

ಸಂಗೀತ ನುಡಿಯುತ್ತಿದ್ದಷ್ಟು ಹೊತ್ತೂ ರೇಡಿಯೋ ಬೇರೊಂದು ದನಿಗಾಗಿ ಗಂಟಲೆಲ್ಲ ತಡಕಾಡಿದ. ಒಂದೂ ಸಿಗಲಿಲ್ಲ. ರೂಢಿಯೇ ಬಾಯಿ ತೆರೆಯಿತು.

"ಹ್ಞಂ! ವಿಷಯಕ್ಕೆ ಬನ್ನಿ!"

ಆ ಕಡೆಯೂ ಒಂದು ಗಂಟಲು ಕೆರೆಯಹೋಗಿ ಅರ್ಧಕ್ಕೇ ನಿಂತಿತು. ಆಮೇಲೆ ಮೆಲ್ಲಗೆ, "ಬಂದೆ ಸಾರ್," ಎಂದರು ಭಾವ. "ಗಿರಣೀಲಿ ಮೇಸ್ತ್ರಿ ಆಗಿದ್ದೆ. ಈಗ್ಲೂ ಅದೇ ಬೇಕು ಅಂತೇನಿಲ್ಲ. ಬಾಗಿಲು ಕಾಯ್ತೀನಿ. ಫೋನ್ ಎತ್ತೋ ಕೆಲಸ ಆದ್ರೂ ಸರಿ. ನನ್ನ ಹೆಂಡತಿ ತಮ್ಮ ನಿಮ್ಮಲ್ಲೇ ಇದಾನೆ, ಬುದ್ಧಿವಂತ. ನಾನು ಕೇಳ್ದೆ ಅಂತ ಅವನಿಗೆ ಮಾತ್ರ ಹೇಳ್ಬೇಡಿ. ಪಾಪ, ನಾಚ್ಕೊಂಡ್ಬಿಡ್ತಾನೆ."

ಫೋನ್ ಎತ್ತುವ ಕೆಲಸ! ಮೂರು ಕುರ್ಚಿಯ ಕೆಲಸವನ್ನು ಒಬ್ಬನೇ ನುಂಗಿ ಕೂತಿದ್ದ ರೇಡಿಯೋ, ಗಾಜಿನಾಚೆ ನೋಡಿದ. ಮಾಲೀಕ ಇನ್ನೂ ನೋಡುತ್ತಲೇ ಇದ್ದ.

"ಜಾಗ ಇಲ್ಲ," ಎಂದಿತು ಭಾವನ ದನಿ, ಭಾವನಿಗೇ.

"ಆಗ್ಲಿ ಸಾರ್. ಇಷ್ಟಾದ್ರೂ ಕೇಳಿದ್ರಲ್ಲ."

ಮಾಲೀಕ ಭೇಷ್ ಎನ್ನುವಂತೆ ತಲೆಯಾಡಿಸಿದ.

ಸಂಜೆ ಊಟಕ್ಕೆ ಕೂತಾಗ ಭಾವ-ಮೈದುನರಿಬ್ಬರೂ ತುಟಿ ಬಿಚ್ಚಲಿಲ್ಲ. ಅಕ್ಕನಿಗೆ ತಡೆಯಲಾಗಲಿಲ್ಲ.

"ಇದೇನಿದು, ಯಾರ ಮನೆ ಮುಳುಗಿತು? ರೇಡಿಯೋ ಕೆಟ್ಟೋಯ್ತಾ? ನಿಮ್ಮ ಭಾವನ ಗಿರಣಿ ದನಿ ಒಂದ್ಸಲ ಮಾಡೋ. ಕೇಳಿ ಯಾವ ಕಾಲ ಆಯ್ತು!"

ರೇಡಿಯೋ ಬಾಯಿ ತೆರೆದ. ತುತ್ತು ಒಳಗೂ ಹೋಗಲಿಲ್ಲ, ದನಿ ಹೊರಗೂ ಬರಲಿಲ್ಲ.

"ಬಿಡೇ," ಎಂದರು ಭಾವ, ತಟ್ಟೆಯಿಂದ ಕಣ್ಣು ಕೀಳದೆ. "ಆಫೀಸಲ್ಲಿ ಇಡೀ ದಿನ ಅದನ್ನೇ ಮಾಡಿ ಅವನ ಗಂಟಲು ನೋಯ್ತಿರುತ್ತೆ."

ಹಾಗೆಂದು ನೀರಿನ ಲೋಟವನ್ನು ಅವನತ್ತ ಸರಿಸಿದರು. ಕುಡಿಯಬೇಕಾದರೆ ರೇಡಿಯೋ ತಲೆ ಎತ್ತಬೇಕಿತ್ತು. ನೀರು ಹಾಗೇ ಉಳಿಯಿತು.