ಕಿಸೆಯಲ್ಲಿ ಹಿಡಿಯುವ ಕ್ಯಾಮೆರಾ

ಪನ್ವೇಲ್ ಬಳಿಯ ಕಾಮೋಠೆಯಲ್ಲಿ ಏಳುತ್ತಿದ್ದ ಹೊಸ ಕಟ್ಟಡದ ಟವರ್ ಕ್ರೇನ್ ನಡೆಸುವವನು ಸಂಗಮೇಶ. ಮುಂಜಾನೆ ಏಣಿ ಹತ್ತಿ ತುದಿಯ ಗಾಜಿನ ಗೂಡಿನಲ್ಲಿ ಕೂತರೆ ಊಟದ ಹೊತ್ತಿಗೇ ಇಳಿಯುವುದು. ಚಳಿಗಾಲದಲ್ಲಿ ಕೆಳಗಿನ ಊರೆಲ್ಲ ಮಂಜಿನಲ್ಲಿ ಮುಳುಗಿ, ಮೇಲಿನ ಮಹಡಿಗಳಷ್ಟೇ ನಡುಗಡ್ಡೆಗಳಂತೆ ತೇಲುತ್ತಿದ್ದವು. ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಡೆಯಿಂದ ಗುಲಾಬಿ ರೆಕ್ಕೆಯ ಹಕ್ಕಿಗಳು ಅವನ ಕಾಲ ಕೆಳಗೇ ಹಾರಿಹೋಗುತ್ತಿದ್ದವು. ಹನ್ನೊಂದು ವರ್ಷ, ಒಂದಲ್ಲ ಒಂದು ಕ್ರೇನಿನ ತುದಿಯಿಂದ, ಇಂಥದ್ದನ್ನೆಲ್ಲ ಅವನೊಬ್ಬನೇ ನೋಡಿದ್ದ. ಸಂಜೆ ಮನೆಗೆ ಬಂದು ಹೇಳಿದರೆ ಹೆಂಡತಿ ಮಲ್ಲಿಕಾ ರೊಟ್ಟಿ ಬಡಿಯುತ್ತ, "ಹೌದೇನ್ರಿ?" ಅನ್ನುತ್ತಿದ್ದಳು.

ಈ ಜನವರಿಯಲ್ಲಿ ಇಬ್ಬರೂ ಹಿಮ ನೋಡಲು ಮನಾಲಿಗೆ ಹೋಗುವವರಿದ್ದರು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಮೊದಲ ಪ್ರವಾಸ. ಮಲ್ಲಿಕಾಳ ಕನಸಿನಲ್ಲಿ ಆಗಲೇ ಹಿಮ ಬೀಳತೊಡಗಿತ್ತು. ಅದು ಹತ್ತಿಯಂತೆ ಬೆಚ್ಚಗಿತ್ತೆಂದು ಎದ್ದಕೂಡಲೇ ಹೇಳಿದ್ದಳು. ಸಂಗಮೇಶನ ಫೋನಿನ ಕ್ಯಾಮೆರಾ ಸಿಮೆಂಟ್ ಧೂಳು ಕುಡಿದು ಮಸುಕಾಗಿತ್ತು. ಕಿಸೆಯಲ್ಲಿ ಹಿಡಿಯುವಂಥ ಸಣ್ಣ ಕ್ಯಾಮೆರಾ ಕೊಳ್ಳಲೆಂದು ಭಾನುವಾರ ಠಾಣೆ ಪಟ್ಟಣದ ಅಂಗಡಿಯೊಂದಕ್ಕೆ ಬಂದರು.

ಅಂಗಡಿಯ ಲತೀಶ್ ಉಡುಪಿ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ಎರಡು ಕ್ಯಾಮೆರಾ ತೆಗೆದು ಗಾಜಿನ ಮೇಲಿಟ್ಟರು.

"ಇದು ದೂರದ್ದನ್ನು ಹತ್ತಿರ ಎಳೀತದೆ. ಅದು ಅಷ್ಟು ಎಳೆಯುದಿಲ್ಲ, ಆದ್ರೆ ಕಡಿಮೆ ಬೆಳಕಲ್ಲಿ ಚಂದ ಬರ್ತದೆ. ಎರಡನ್ನೂ ಹಿಡಿದು ನೋಡಿ ಮಾರಾಯ್ರೆ, ಅರ್ಜೆಂಟ್ ಎಂತ ಇಲ್ಲ."

ಸಂಗಮೇಶ ಮೊದಲನೆಯದನ್ನು ಹಿಡಿದು ಬಾಗಿಲಿಗೆ ಬಂದ. ಗುಂಡಿ ಒತ್ತಿದಂತೆ ಲೆನ್ಸು ಮೆಲ್ಲಗೆ ಮುಂದೆ ಸರಿಯಿತು. ರಸ್ತೆ, ಬಸ್ಸು, ಜನ ಎಲ್ಲ ಕರಗಿ, ಎಲ್ಲೋ ದೂರದ ಮಹಡಿಯಲ್ಲಿ ಒಣಹಾಕಿದ ಹಳದಿ ಸೀರೆಯೊಂದು ಅವನ ಅಂಗೈಯೊಳಗೆ ಬಂದು ನಿಂತಿತು. ಅದು ಗಾಳಿಗೆ ಉಬ್ಬುವುದನ್ನೂ ಇಳಿಯುವುದನ್ನೂ ಮೈಮರೆತು ನೋಡಿದ.

"ಇದ ಸಾಕ್ರಿ," ಎಂದ.

"ನನ್ನದೊಂದು ತೆಗೀರಿ," ಎಂದು ಮಲ್ಲಿಕಾ ಅಂಗಡಿಯ ಒಳಮೂಲೆಯ ನಸುಗತ್ತಲಲ್ಲಿ ನಿಂತಳು. ತೆಗೆದ. ಪರದೆಯ ಮೇಲೆ ಅವಳ ಮುಖ ಅಲುಗಿ ಕಲೆಸಿಹೋಗಿತ್ತು. ಇನ್ನೊಮ್ಮೆ ತೆಗೆದರೂ ಹಾಗೇ.

"ನಿಮ್ಮ ಕಣ್ಣಿಗೆ ನಾ ಹಿಂಗ ಕಾಣತೀನೇನ್ರಿ?" ಎಂದು ನಕ್ಕಳು.

ಲತೀಶ್ ಇನ್ನೊಂದನ್ನು ಅವನ ಕೈಗಿತ್ತರು. ಅದೇ ಮೂಲೆ, ಅದೇ ಬೆಳಕು. ಈ ಸಲ ಮೂಗುಬೊಟ್ಟಿನ ಹರಳು ಮಿನುಗಿತು. ತುಟಿಯ ಪಕ್ಕದ ಮಚ್ಚೆ ಕಂಡಿತು. ಕಿವಿಯ ಬಳಿ ಎರಡೇ ಎರಡು ಬೆಳ್ಳಿಕೂದಲು. ಅವು ಯಾವಾಗ ಬಂದವೋ, ಸಂಗಮೇಶನಿಗೆ ಗೊತ್ತೇ ಇರಲಿಲ್ಲ. ಬಹಳ ಹೊತ್ತು ಪರದೆಯನ್ನೇ ನೋಡುತ್ತ ನಿಂತ.

"ಹಿಮದ ಗುಡ್ಡ ದೂರ ಇರ್ತಾವಲ್ರಿ," ಎಂದಳು ಮಲ್ಲಿಕಾ. "ಮೊದಲನೇದು ಮನಸ್ಸಿಗೆ ಬಂದಿದ್ರ ಅದನ್ನ ತಗೋರಿ."

"ಗುಡ್ಡದ ಹತ್ರಾನ ಹೋಗೂನು ನಡಿ. ದೂರದ್ದು ಬಾಳ ನೋಡೀನಿ."

ಎರಡನೆಯದನ್ನೇ ಕೊಂಡು, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಪನ್ವೇಲ್ ಲೋಕಲ್ ಹತ್ತಿದರು. ಎದುರುಬದುರು ಕಿಟಕಿಯ ಸೀಟು ಸಿಕ್ಕಿತು. ರೈಲು ಗುಡ್ಡದ ಸುರಂಗ ಹೊಕ್ಕು ಡಬ್ಬಿಯ ದೀಪಗಳಷ್ಟೇ ಉಳಿದಾಗ ಮಲ್ಲಿಕಾ ಅವನ ಕಿಸೆಗೆ ಕೈಹಾಕಿ ಕ್ಯಾಮೆರಾ ತೆಗೆದಳು.

"ಹಲ್ಲು ಬಿಡಬ್ಯಾಡ್ರಿ. ಸುಮ್ನ ನಗ್ರಿ."

ರೈಲು ಐರೋಲಿ ನಿಲ್ದಾಣದ ಬಿಸಿಲಿಗೆ ಬರುವಷ್ಟರಲ್ಲಿ ಒಂಬತ್ತು ಫೋಟೋ ತೆಗೆದಿದ್ದಳು. ಎಂಟರಲ್ಲಿ ಅವನ ಕಣ್ಣು ಮುಚ್ಚಿತ್ತು. ಒಂದರಲ್ಲಿ ಅವಳನ್ನೇ ನೋಡುತ್ತಿದ್ದ. ಅವಳು ಒಂದನ್ನೂ ಅಳಿಸಲಿಲ್ಲ.