ಸಿರಿಲರ ಪಾಲಿನ ಗುಟುಕು

ನಾನೊಂದು ಸೀಸೆ. ಹುಟ್ಟಿದ್ದು ಸ್ಪೇನ್ ದೇಶದಲ್ಲಿ, ಗಾಜು ಕರಗಿಸುವ ಬೆಂಕಿಯಲ್ಲಿ. ಮೂರು ಜಾತಿಯ ಕಪ್ಪು ದ್ರಾಕ್ಷಿ ಬೆರೆಸಿ, ಓಕ್ ಮರದ ಪೀಪಾಯಿಯಲ್ಲಿ ಹದಗೊಳಿಸಿದ ಕೆಂಪು ವೈನನ್ನು ನನ್ನೊಳಗೆ ಸುರಿದು ಬಿರಡೆ ಜಡಿದರು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಾನು ಮಾತ್ರ ಗರ್ವದಿಂದ ತುಳುಕುತ್ತಿದ್ದೆ.

ಬಾರ್ಸಿಲೋನಾ ಬಂದರಿನಲ್ಲಿ ನನ್ನನ್ನು ಕೊಂಡವರು ಮಂಗಳೂರಿನ ಸಿರಿಲ್ ಕ್ರಾಸ್ತಾ. ಪ್ರಯಾಣಿಕರ ಹಡಗಿನಲ್ಲಿ ಊಟ ಬಡಿಸುವುದು ಅವರ ಕೆಲಸ. ಜನ್ಮವಿಡೀ ನಿಂತುಕೊಂಡೇ ಬೇರೆಯವರ ಲೋಟಕ್ಕೆ ನನ್ನಂಥವರನ್ನು ಬಗ್ಗಿಸಿದವರು. ಕೆಲಸ ಬಿಟ್ಟ ಮೇಲೆ ಹೆಂಡತಿ ಸೆವ್ರಿನ್ ಎದುರು ಕುರ್ಚಿ ಎಳೆದು ಕುಳಿತು, ಒಂದು ಸಲವಾದರೂ ತಾವೇ ಕುಡಿಯಬೇಕೆಂಬುದು ಅವರ ಆಸೆ. ಅದಕ್ಕಾಗಿಯೇ ನನ್ನನ್ನು ಲುಂಗಿಯಲ್ಲಿ ಸುತ್ತಿ ತಂದು ಕಪಾಟಿನಲ್ಲಿ ಮಲಗಿಸಿದರು.

ಕೆಲಸ ಬಿಟ್ಟ ವರ್ಷವೇ ಅವರ ಗಂಟಲಿಗೆ ರೋಗ ಬಂತು. ಚಿಕಿತ್ಸೆ ಪ್ರಾಣ ಉಳಿಸಿತು, ರುಚಿ ವಾಸನೆ ಎರಡನ್ನೂ ಒಯ್ದಿತು. ಮೀನುಸಾರೂ ಗಂಜಿಯೂ ಅವರಿಗೆ ಒಂದೇ ಆದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಪಾಟಿನೊಳಗೆ ನನಗೆ ನನ್ನ ಮೇಲೇ ಬೇಸರವಾಯಿತು.

"ಇದನ್ನು ಯಾರಿಗಾದ್ರೂ ಕೊಟ್ಟುಬಿಡು ಸೆವ್ರಿನ್" ಎಂದರು ಒಂದು ದಿನ.

ಸೆವ್ರಿನ್ ಕೇಳಲಿಲ್ಲ. ಗಂಡನನ್ನು ಮೇಜಿನ ಮುಂದೆ ಕೂರಿಸಿ, ತಾವು ನಿಂತು, ಎರಡು ಲೋಟಕ್ಕೆ ಬಗ್ಗಿಸಿದರು. "ನಿಮ್ಮ ನಾಲಿಗೆ ಹೋದ್ರೆ ನಂದು ಇಲ್ವಾ? ನಾನು ಕುಡಿದು ಹೇಳ್ತೇನೆ."

ಕ್ರಿಸ್ಮಸ್ಸಿಗೆ ಧಾರಾಳ ಸಕ್ಕರೆ ಸುರಿದು ಮನೆಯಲ್ಲೇ ವೈನು ಮಾಡುವ ಹೆಂಗಸು. ಮೊದಲ ಗುಟುಕಿಗೇ ಮುಖ ಸಿಂಡರಿಸಿದರು.

"ಎಂಥದು ಮಾರಾಯ್ರೆ, ಸಕ್ಕರೆಯೇ ಹಾಕ್ಲಿಲ್ವಾ ಇವರು? ಒಗರು! ನೇರಳೆ ತಿಂದ ಹಾಗೆ ನಾಲಿಗೆ ಹಿಡೀತದೆ."

"ಅದು ಇರಬೇಕಾದ್ದೇ. ನುಂಗಬೇಡ, ಬಾಯಲ್ಲಿ ಇಟ್ಕೋ. ಮತ್ತೆ?"

"ಒಳ್ಳೆಮೆಣಸಿನ ಖಾರ ಉಂಟು." ಸೆವ್ರಿನ್ ಇನ್ನೊಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದರು. "ಮತ್ತೆ... ನೀವು ಹಡಗಿನಿಂದ ಬಂದ ದಿನ ಪೆಟ್ಟಿಗೆ ತೆಗೆದ ಕೂಡ್ಲೇ ಒಂದು ಪರಿಮಳ ಬರ್ತಿತ್ತಲ್ಲ? ಮರದ್ದು, ಹೊಗೆಸೊಪ್ಪಿನದ್ದು. ಅದು."

ಸಿರಿಲ್ ತಮ್ಮ ಲೋಟ ಎತ್ತಿ ಒಂದು ಗುಟುಕನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಕಣ್ಣು ತುಂಬಿ ಬಂತು.

"ಅದೇ" ಎಂದರು. "ಅದೇ, ಸೆವ್ರಿನ್."

ನಿಜವಾಗಿ ರುಚಿ ಸಿಕ್ಕಿತೋ ಇಲ್ಲವೋ, ಗಾಜಿನ ಜೀವ ನಾನೇನು ಬಲ್ಲೆ. ಮರುವರ್ಷ ರೋಗ ಮರಳಿ ಬಂತು. ಸಿರಿಲ್ ಈಗಿಲ್ಲ.

ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೇನೆ. ಬೇರೆ ಸೀಸೆಗಳಿಗೆ ವಿನೆಗರು, ತೆಂಗಿನೆಣ್ಣೆ ಸುರಿಯುವ ಸೆವ್ರಿನ್ ನನ್ನಲ್ಲಿ ಏನನ್ನೂ ತುಂಬಿಲ್ಲ. ಆಗಾಗ ಬಿರಡೆ ತೆಗೆದು ಮೂಗಿಗೆ ಹಿಡಿಯುತ್ತಾರೆ. ನನ್ನಲ್ಲಿ ಯಾವ ವಾಸನೆಯೂ ಉಳಿದಿಲ್ಲ, ಅದು ನನಗೆ ಗೊತ್ತು.

"ಅದೇ" ಎನ್ನುತ್ತಾರೆ ಅವರು, ಮತ್ತೆ ಬಿರಡೆ ಮುಚ್ಚುತ್ತಾರೆ.